ಆಲ್ಝೈಮರ್‌ನಲ್ಲಿ ನರಕೋಶ ಕೆಡುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯಿಂದ ಈ ಕಾಯಿಲೆಯ ಬಗ್ಗೆ ಕೇಳುವವರು ಎರಡು ಬಗೆ. ಮನೆಯಲ್ಲಿ ಮರೆವಿನ ಹಿರಿಯರನ್ನು ನೋಡಿಕೊಳ್ಳುತ್ತಿರುವವರು ಕೆಲವರು, ಮಾನಸಗಂಗೋತ್ರಿಯಲ್ಲೋ ಮೆಡಿಕಲ್ ಕಾಲೇಜಿನಲ್ಲೋ ಓದುತ್ತಿರುವವರು ಕೆಲವರು. ಇಬ್ಬರ ಪ್ರಶ್ನೆಗಳನ್ನೂ ಇಲ್ಲಿ ಬೆರೆಸಿಯೇ ಇಟ್ಟಿದ್ದೇವೆ. ಮಾತ್ರೆ ಯಾಕೆ ಅಷ್ಟೇ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಉತ್ತರ ಕೋಶದೊಳಗೇ ಇದೆ. ಪ್ರಯೋಗಾಲಯದ ತಟ್ಟೆಯಲ್ಲಿ ಕೋಶ ಬೆಳೆಸುವವರಿಗೂ ಮನೆಯಲ್ಲಿನ ರೋಗಿ ಹೇಗಿರುತ್ತಾರೆ ಎಂಬುದು ಗೊತ್ತಿದ್ದರೆ ಒಳ್ಳೆಯದು.

ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಇದೂ ಅಷ್ಟೇ ತಾನೆ?

ಅಲ್ಲ. ವಯಸ್ಸಾದಂತೆ ಮೆದುಳು ನಿಧಾನವಾಗುವುದು ನಿಜ. ಹೆಸರು ಬಾಯಿಗೆ ಬರಲು ತಡವಾಗುತ್ತದೆ, ಆದರೆ ಸ್ವಲ್ಪ ಹೊತ್ತಾದ ಮೇಲೆ ಬರುತ್ತದೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಬೇರೆ. ತಿಂಡಿ ತಿಂದು ಅರ್ಧ ಗಂಟೆಗೆ "ನಂಗೆ ಯಾರೂ ತಿಂಡಿನೇ ಕೊಡ್ಲಿಲ್ಲ" ಎನ್ನುವುದು ಬೇರೆ. ಎರಡನೆಯದರಲ್ಲಿ ಮರೆತದ್ದಲ್ಲ, ತಿಂದದ್ದು ಮೆದುಳಿನಲ್ಲಿ ದಾಖಲಾಗಿಯೇ ಇಲ್ಲ.

60 ದಾಟಿದ ಭಾರತೀಯರಲ್ಲಿ ಡಿಮೆನ್ಷಿಯಾ (ನೆನಪು, ಬುದ್ಧಿಶಕ್ತಿ ಕುಗ್ಗುವ ಸ್ಥಿತಿ; ಆಲ್ಝೈಮರ್ ಅದರ ಮುಖ್ಯ ಕಾರಣ) ಇರುವವರು ಶೇ. 7.4ರಷ್ಟು ಎಂದು ರಾಷ್ಟ್ರಮಟ್ಟದ ಲಾಸಿ-ಡ್ಯಾಡ್ ಅಧ್ಯಯನ ಅಂದಾಜು ಮಾಡಿದೆ. ಅಂದರೆ ಉಳಿದ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಇಲ್ಲ. 1906ರಲ್ಲಿ ಅಲೋಯಿಸ್ ಆಲ್ಝೈಮರ್ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ವಿವರಿಸಿದ ಮೊದಲ ರೋಗಿ ಆಸ್ಪತ್ರೆ ಸೇರಿದಾಗ ಆಕೆಗೆ 51 ವರ್ಷ, ಅರವತ್ತೂ ಆಗಿರಲಿಲ್ಲ.

ನಮ್ಮಜ್ಜಿಗೆ ಮಹಾರಾಜರು ಅಂಬಾರಿ ಮೇಲೆ ಕೂತು ಬರ್ತಿದ್ದ ಜಂಬೂಸವಾರಿ ನೆನಪಿದೆ, ಬೆಳಿಗ್ಗೆ ಬಂದು ಹೋದ ಮಗಳು ನೆನಪಿಲ್ಲ. ಹೇಗೆ?

ಹೊಸ ನೆನಪನ್ನು ಕಟ್ಟುವ ಜಾಗ ಹಿಪೊಕ್ಯಾಂಪಸ್. ಅದಕ್ಕೆ ಸುದ್ದಿ ತಲುಪಿಸುವ ಬಾಗಿಲು ಎಂಟೊರೈನಲ್ ಕಾರ್ಟೆಕ್ಸ್. ಎರಡೂ ಕಿವಿಯ ಒಳಬದಿಗೆ, ಮೆದುಳಿನ ಬುಡದಲ್ಲಿವೆ, ಕಾಯಿಲೆ ಮೊದಲು ಹೊಡೆಯುವುದೂ ಇವನ್ನೇ. ದಶಕಗಳಿಂದ ಮೆಲುಕು ಹಾಕಿದ ಹಳೆಯ ನೆನಪು ಅಷ್ಟು ಹೊತ್ತಿಗೆ ಮೆದುಳಿನ ಹೊರಪದರದಲ್ಲಿ ಹರಡಿ ನೆಲೆನಿಂತಿರುತ್ತದೆ. ಅಲ್ಲಿಗೆ ಕಾಯಿಲೆ ತಲುಪುವುದು ತಡವಾಗಿ.

1996ರಲ್ಲಿ ಪ್ರಕಟವಾದ ಒಂದು ಎಣಿಕೆ ಇಲ್ಲಿ ಮುಖ್ಯ. ಆಗಷ್ಟೇ ಮರೆವು ಶುರುವಾಗಿದ್ದವರ ಎಂಟೊರೈನಲ್ ಕಾರ್ಟೆಕ್ಸ್‌ನ ಎರಡನೇ ಪದರದಲ್ಲಿ ಶೇ. 60ರಷ್ಟು ನರಕೋಶ ಆಗಲೇ ಹೋಗಿದ್ದವು. ಕಾಯಿಲೆ ತೀವ್ರವಾದವರಲ್ಲಿ ಶೇ. 90. ಚೆನ್ನಾಗಿದ್ದ ಹಿರಿಯರಲ್ಲಿ ಆ ಪದರ ಕರಗಿರಲೇ ಇಲ್ಲ. "ಈಗ ಒಂದಾರು ತಿಂಗಳಿಂದ ಶುರುವಾಯ್ತು" ಎಂದು ಮನೆಯವರು ಹೇಳುವಾಗ ಒಳಗಿನ ಹಾನಿಗೆ ಹದಿನೈದಿಪ್ಪತ್ತು ವರ್ಷದ ಚರಿತ್ರೆ ಇರುತ್ತದೆ.

ಹಾಗಾದರೆ ಮೊದಲು ಸಾಯುವುದು ನರಕೋಶವೇ?

ಅದಕ್ಕೂ ಮುಂಚೆ ಕಡಿದುಹೋಗುವುದು ಸಿನಾಪ್ಸ್, ಅಂದರೆ ಎರಡು ನರಕೋಶ ಮಾತಾಡಿಕೊಳ್ಳುವ ಸಂದು. ಪ್ಲಾಕ್, ಅಂದರೆ ಅಮಿಲಾಯ್ಡ್ ಎಂಬ ಪ್ರೋಟೀನು ಕೋಶಗಳ ಹೊರಗೆ ಕೂಡಿಕೊಂಡ ಗಂಟು, ಎಷ್ಟಿದೆ ಎನ್ನುವುದಕ್ಕೂ ರೋಗಿಯ ಬುದ್ಧಿಶಕ್ತಿಗೂ ಹೊಂದಾಣಿಕೆ ಅಷ್ಟಕ್ಕಷ್ಟೇ. ಸಿನಾಪ್ಸ್ ಎಷ್ಟು ಉಳಿದಿದೆ ಎನ್ನುವುದಕ್ಕೆ ಹೊಂದಾಣಿಕೆ ಬಲವಾಗಿದೆ. ಈ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ: ಸಂಪರ್ಕ ಮೊದಲು ಹೋಗುತ್ತದೆ, ಕೋಶ ಆಮೇಲೆ. ಮುಂದಿನ ಉತ್ತರಗಳೆಲ್ಲ ಇದರ ವಿವರಗಳೇ.

ಅಮಿಲಾಯ್ಡ್ ಎಲ್ಲಿಂದ ಬರುತ್ತದೆ? ಹೊರಗಿನ ವಿಷವೇ?

ಹೊರಗಿನದಲ್ಲ, ನಮ್ಮದೇ. ನರಕೋಶದ ಪೊರೆಯಲ್ಲಿ ಎಪಿಪಿ ಎಂಬ ಪ್ರೋಟೀನು ಸ್ವಲ್ಪ ಒಳಗೆ, ಹೆಚ್ಚು ಭಾಗ ಹೊರಗೆ ನಿಂತಿರುತ್ತದೆ. ನರಕೋಶದಲ್ಲಿ ಹೆಚ್ಚಾಗಿರುವ ರೂಪಕ್ಕೆ 695 ಅಮೈನೊ ಆಮ್ಲಗಳು. ಇದನ್ನು ಕತ್ತರಿಸಲು ಎರಡು ದಾರಿ. ಆಲ್ಫಾ-ಸೆಕ್ರಿಟೇಸ್ ಕಿಣ್ವ ಕತ್ತರಿಸಿದರೆ ಅಮಿಲಾಯ್ಡ್ ಆಗಬೇಕಾದ ಭಾಗವೇ ನಡುವೆ ತುಂಡಾಗುತ್ತದೆ, ತೊಂದರೆಯಿಲ್ಲ. ಅದರ ಬದಲು ಮೊದಲು ಬೀಟಾ-ಸೆಕ್ರಿಟೇಸ್ ಪೊರೆಯ ಹೊರಗಡೆ ಕತ್ತರಿಸಿ, ಆಮೇಲೆ ಗಾಮಾ-ಸೆಕ್ರಿಟೇಸ್ ಪೊರೆಯ ಒಳಗೆ ಕತ್ತರಿಸಿದರೆ ಬೀಟಾ-ಅಮಿಲಾಯ್ಡ್ ತುಣುಕು ಹೊರಬೀಳುತ್ತದೆ.

ಗಾಮಾ-ಸೆಕ್ರಿಟೇಸ್ ಒಂದೇ ಜಾಗದಲ್ಲಿ ಕತ್ತರಿಸುವುದಿಲ್ಲ. ಹೆಚ್ಚಿನ ತುಣುಕುಗಳಿಗೆ 40 ಅಮೈನೊ ಆಮ್ಲ, ಕೆಲವಕ್ಕೆ 42. ತುದಿಯಲ್ಲಿ ಹೆಚ್ಚಾಗಿರುವ ಎರಡು, ಐಸೊಲ್ಯೂಸಿನ್ ಮತ್ತು ಅಲನಿನ್, ನೀರಿಗೆ ಸೇರದ ಜಾತಿಯವು. ಹಾಗಾಗಿ 42ರ ತುಣುಕುಗಳು ಒಂದಕ್ಕೊಂದು ಬೇಗ ಅಂಟಿಕೊಳ್ಳುತ್ತವೆ. ಎರಡು, ನಾಲ್ಕು, ಹನ್ನೆರಡು ಸೇರಿದ ಗುಂಪುಗಳು ಆಲಿಗೊಮರ್, ಮುಂದೆ ನೂಲಿನಂಥ ಫೈಬ್ರಿಲ್, ಕೊನೆಗೆ ಪ್ಲಾಕ್.

ಇಲ್ಲಿ ಸಾಮಾನ್ಯವಾಗಿ ತಪ್ಪಾಗಿ ತಿಳಿಯುವ ಒಂದು ವಿಷಯ ಇದೆ. ವಯಸ್ಸಾದವರಿಗೆ ಬರುವ ಮಾಮೂಲು ಆಲ್ಝೈಮರ್‌ನಲ್ಲಿ ಅಮಿಲಾಯ್ಡ್ ಉತ್ಪಾದನೆ ಹೆಚ್ಚುವುದಿಲ್ಲ, ವಿಲೇವಾರಿ ನಿಧಾನವಾಗುತ್ತದೆ. 2010ರಲ್ಲಿ ರೋಗಿಗಳ ಬೆನ್ನುಹುರಿ ದ್ರವದಲ್ಲಿ ಅಳೆದಾಗ ವಿಲೇವಾರಿಯ ವೇಗ ಸುಮಾರು ಶೇ. 30 ಕಡಿಮೆಯಾಗಿತ್ತು. ನೆಪ್ರಿಲೈಸಿನ್‌ನಂಥ ಕಿಣ್ವಗಳು, ಮೆದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ, ರಕ್ತನಾಳದ ಗೋಡೆ, ನಿದ್ದೆಯಲ್ಲಿ ಮೆದುಳನ್ನು ತೊಳೆಯುವ ದ್ರವದ ಹರಿವು, ಎಲ್ಲವೂ ಈ ವಿಲೇವಾರಿಯ ಪಾಲುದಾರರು.

ಪ್ಲಾಕ್ ತುಂಬಿದ್ದರೂ ಕೆಲವರು ಚುರುಕಾಗಿಯೇ ಇರುತ್ತಾರಂತೆ?

ಹೌದು. ಎಪ್ಪತ್ತು ದಾಟಿ ಚೆನ್ನಾಗಿರುವವರಲ್ಲೂ ಐವರಲ್ಲಿ ಒಬ್ಬರಿಗಾದರೂ ಸ್ಕ್ಯಾನಿನಲ್ಲಿ ಅಮಿಲಾಯ್ಡ್ ಕಾಣುತ್ತದೆ. ಪ್ಲಾಕ್ ಒಂದು ಮಟ್ಟಿಗೆ ಕಸವನ್ನು ಕೂಡಿಟ್ಟ ಜಾಗ. ಹೆಚ್ಚು ಕಾಡುವುದು ಇನ್ನೂ ಪ್ಲಾಕ್ ಆಗದೆ ಓಡಾಡುತ್ತಿರುವ ಆಲಿಗೊಮರ್‌ಗಳು. ಅವು ಸಿನಾಪ್ಸ್‌ನ ಗ್ರಾಹಕಗಳಿಗೆ (ಸಂದೇಶ ಹಿಡಿಯುವ ಪ್ರೋಟೀನುಗಳಿಗೆ) ಅಂಟಿ, ಕಲಿಕೆಗೆ ಬೇಕಾದ ಸಿನಾಪ್ಸ್ ಬಲವರ್ಧನೆಯನ್ನು ತಡೆಯುತ್ತವೆ. ಹಾನಿ ಸ್ಪಷ್ಟವಾಗಿ ಶುರುವಾಗುವುದು ಮಾತ್ರ ಟೌ ಎಂಬ ಇನ್ನೊಂದು ಪ್ರೋಟೀನು ಹರಡತೊಡಗಿದಾಗ.

ಟೌ ಅಂದರೇನು? ಅದರಿಂದ ಕೋಶಕ್ಕೆ ಆಗುವ ತೊಂದರೆ ಏನು?

ನರಕೋಶಕ್ಕೆ ಬಹಳ ಉದ್ದದ ಬಾಲ ಇದೆ, ಆಕ್ಸಾನ್. ಕಾಲಿಗೆ ಹೋಗುವ ನರದಲ್ಲಿ ಅದು ಒಂದು ಮೀಟರ್ ವರೆಗೂ ಇರುತ್ತದೆ. ಪ್ರೋಟೀನು ತಯಾರಾಗುವುದು ಹೆಚ್ಚಾಗಿ ಕೋಶದ ದೇಹದಲ್ಲಿ, ಬೇಕಾಗುವುದು ಬಾಲದ ತುದಿಯ ಸಿನಾಪ್ಸ್‌ನಲ್ಲಿ. ಸಾಗಣೆಗೆ 25 ನ್ಯಾನೊಮೀಟರ್ ದಪ್ಪದ ಮೈಕ್ರೋಟ್ಯೂಬ್ಯೂಲ್ ಕೊಳವೆಗಳೇ ದಾರಿ. ಕೈನೆಸಿನ್ ಎಂಬ ಪ್ರೋಟೀನು ಸರಕು ಹೊತ್ತು, ಹೆಜ್ಜೆಗೆ 8 ನ್ಯಾನೊಮೀಟರಿನಂತೆ, ಪ್ರತಿ ಹೆಜ್ಜೆಗೂ ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು ಮಾಡುತ್ತ ನಡೆಯುತ್ತದೆ. ವೇಗದ ಸಾಗಣೆ ದಿನಕ್ಕೆ 400 ಮಿಲಿಮೀಟರ್ ವರೆಗೆ ಹೋಗುತ್ತದೆ.

ಟೌ ಈ ಕೊಳವೆಗಳಿಗೆ ಅಂಟಿಕೊಂಡು ಅವನ್ನು ಹದದಲ್ಲಿಡುವ ಪ್ರೋಟೀನು. ಅತಿ ಉದ್ದದ ರೂಪಕ್ಕೆ 441 ಅಮೈನೊ ಆಮ್ಲ, ಅದರಲ್ಲಿ ಫಾಸ್ಫೇಟ್ ಕೂರಬಹುದಾದ ಜಾಗಗಳು 80ಕ್ಕೂ ಹೆಚ್ಚು. ಜಿಎಸ್‌ಕೆ-3 ಬೀಟಾ, ಸಿಡಿಕೆ-5 ಮೊದಲಾದ ಕಿಣ್ವಗಳು ಮಿತಿಮೀರಿ ಫಾಸ್ಫೇಟ್ ಅಂಟಿಸಿದಾಗ ಟೌ ಕೊಳವೆಯ ಹಿಡಿತ ಬಿಡುತ್ತದೆ. ಹಿಡಿತ ಬಿಟ್ಟ ಟೌ ಜೋಡಿ ಎಳೆಗಳಾಗಿ ಹೊಸೆದುಕೊಂಡು ಕೋಶದೊಳಗೆ ಸಿಕ್ಕುಗಟ್ಟುತ್ತದೆ. ಅತ್ತ ಕೊಳವೆಗಳು ಹದಗೆಡುತ್ತವೆ, ಸಾಗಣೆ ಮುಗ್ಗರಿಸುತ್ತದೆ.

ವಿ.ಸಿ. ನಾಲೆ ಅಲ್ಲಲ್ಲಿ ಒಡೆದರೆ ನೀರು ಮೊದಲು ನಿಲ್ಲುವುದು ಕೊನೇ ಭಾಗದ ಗದ್ದೆಗೆ, ಕೆ.ಆರ್.ಎಸ್. ಬಳಿಯ ಗದ್ದೆಗಲ್ಲ. ಆಕ್ಸಾನಿನಲ್ಲೂ ಹಾಗೆಯೇ ತುದಿಯ ಸಿನಾಪ್ಸ್‌ಗೆ ಶಕ್ತಿ ತಯಾರಿಸುವ ಹೊಸ ಮೈಟೊಕಾಂಡ್ರಿಯಾ, ಗ್ರಾಹಕ, ರಾಸಾಯನಿಕದ ಪೊಟ್ಟಣ ಯಾವುದೂ ತಲುಪದೆ ಅದು ಮೊದಲು ಒಣಗುತ್ತದೆ. ಕೋಶದ ದೇಹ ಆಗ ಇನ್ನೂ ಬದುಕಿರುತ್ತದೆ.

ಟೌ ಇದ್ದಲ್ಲೇ ಇರುವುದೂ ಇಲ್ಲ. ಕೆಟ್ಟ ಟೌ ಸಿನಾಪ್ಸ್ ದಾಟಿ ಪಕ್ಕದ ಕೋಶಕ್ಕೆ ಹೋಗಿ ಅಲ್ಲಿನ ಒಳ್ಳೆಯ ಟೌವನ್ನೂ ತನ್ನ ಆಕಾರಕ್ಕೆ ಎಳೆಯುತ್ತದೆ. 1991ರಲ್ಲಿ ಬ್ರಾಕ್ ದಂಪತಿ ಇದರ ಹರಡುವಿಕೆಯನ್ನು ಆರು ಹಂತಗಳಾಗಿ ಗುರುತಿಸಿದರು: ಮೊದಲೆರಡರಲ್ಲಿ ಎಂಟೊರೈನಲ್ ಸುತ್ತ, ನಡುವಿನ ಎರಡರಲ್ಲಿ ಹಿಪೊಕ್ಯಾಂಪಸ್ ಮತ್ತು ಅದರ ನೆರೆ, ಕೊನೆಯ ಎರಡರಲ್ಲಿ ಹೊರಪದರವೆಲ್ಲ. ಮೊದಲು ಹೊಸ ನೆನಪು, ಆಮೇಲೆ ಮಾತು, ದಿಕ್ಕು, ಲೆಕ್ಕ, ಕೊನೆಗೆ ಗುರುತು ಹೋಗುವುದು ಇದೇ ಜಾಡಿನಲ್ಲಿ.

ಕ್ಯಾಲ್ಸಿಯಂ ಹೆಚ್ಚಾದರೆ ನರಕೋಶ ಸಾಯುತ್ತದಂತೆ. ಅಮ್ಮನ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬೇಕೆ?

ಬೇಡ. ಮೂಳೆಗೆ ಕೊಟ್ಟ ಮಾತ್ರೆಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಮಾತು ಕೋಶದೊಳಗಿನ ಕ್ಯಾಲ್ಸಿಯಂನದು. ನರಕೋಶ ತನ್ನೊಳಗಿನ ಕ್ಯಾಲ್ಸಿಯಂ ಮಟ್ಟವನ್ನು ಹೊರಗಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ ಇಟ್ಟುಕೊಂಡಿರುತ್ತದೆ. ಆಲಿಗೊಮರ್‌ಗಳಿದ್ದಲ್ಲಿ ಸಂದೇಶ ಒಯ್ಯುವ ರಾಸಾಯನಿಕ ಗ್ಲುಟಮೇಟ್ ಸಂದಿಯಲ್ಲೇ ಹೆಚ್ಚು ಹೊತ್ತು ಉಳಿದು ಕ್ಯಾಲ್ಸಿಯಂ ಒಳಬಿಡುವ ಎನ್‌ಎಂಡಿಎ ಗ್ರಾಹಕಗಳು ಸುಮ್ಮಸುಮ್ಮನೆ ತೆರೆದುಕೊಳ್ಳುತ್ತವೆ, ಕ್ಯಾಲ್ಸಿಯಂ ಸೋರುತ್ತದೆ. ಸೋರಿದ ಕ್ಯಾಲ್ಸಿಯಂ ಕ್ಯಾಲ್ಪೈನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಅದು ಸಿಡಿಕೆ-5ನ್ನು ಕೆರಳಿಸುತ್ತದೆ, ಅದು ಟೌ ಮೇಲೆ ಇನ್ನಷ್ಟು ಫಾಸ್ಫೇಟ್ ಕೂರಿಸುತ್ತದೆ. ಅಮಿಲಾಯ್ಡ್‌ನಿಂದ ಟೌಗೆ ಹೋಗುವ ದಾರಿಗಳಲ್ಲಿ ಇದೊಂದು.

ಜೊತೆಗೆ ಮೈಟೊಕಾಂಡ್ರಿಯಾಗೂ ಏಟು ಬೀಳುತ್ತದೆ. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮೆದುಳು ಆಮ್ಲಜನಕದ ಶೇ. 20ನ್ನು ಉರಿಸುತ್ತದೆ. ಶಕ್ತಿ ಸ್ವಲ್ಪ ತಗ್ಗಿದರೂ ಕ್ಯಾಲ್ಸಿಯಂ ಹೊರದೂಡುವ ಪಂಪು ನಿಧಾನವಾಗುತ್ತದೆ, ಮತ್ತೆ ಸೋರಿಕೆ.

ಮೈಕ್ರೋಗ್ಲಿಯಾ ಕಾಯುವ ಕೋಶವೋ, ಕೊಲ್ಲುವ ಕೋಶವೋ?

ಎರಡೂ. ಇವು ಮೆದುಳಿನ ರೋಗನಿರೋಧಕ ಕೋಶಗಳು. ಟ್ರೆಮ್-2 ಎಂಬ ಗ್ರಾಹಕದ ನೆರವಿನಿಂದ ಪ್ಲಾಕ್ ಸುತ್ತ ಬೇಲಿ ಕಟ್ಟಿ ಅದನ್ನು ಅಡಕವಾಗಿಡುತ್ತವೆ. ಆ ಗ್ರಾಹಕದ ಒಂದು ಅಪರೂಪದ ದೋಷ ಕಾಯಿಲೆಯ ಅಪಾಯವನ್ನು ಹಲವು ಪಟ್ಟು ಏರಿಸುತ್ತದೆ ಎಂದು 2013ರಲ್ಲಿ ಗೊತ್ತಾಯಿತು. ಕಾವಲು ಇರಲೇಬೇಕು ಎಂಬುದಕ್ಕೆ ಅದು ಸಾಕ್ಷಿ. ಆದರೆ 2016ರಲ್ಲಿ ಇಲಿಗಳಲ್ಲಿ ಕಂಡ ಇನ್ನೊಂದು ಮುಖವಿದೆ: ಸಿ1ಕ್ಯೂ, ಸಿ3 ಎಂಬ ಕಾಂಪ್ಲಿಮೆಂಟ್ (ರೋಗನಿರೋಧಕ ವ್ಯವಸ್ಥೆಯ) ಪ್ರೋಟೀನುಗಳು ಸಿನಾಪ್ಸ್ ಮೇಲೆ ಗುರುತು ಹಾಕುತ್ತವೆ, ಗುರುತು ಬಿದ್ದ ಸಿನಾಪ್ಸನ್ನು ಮೈಕ್ರೋಗ್ಲಿಯಾ ನುಂಗುತ್ತವೆ, ಅದೂ ಪ್ಲಾಕ್ ಮೂಡುವ ಮುಂಚೆಯೇ. ಹಾಗಾಗಿ ಉರಿಯೂತ ಇಳಿಸುವ ಮಾತ್ರೆ ನುಂಗಿದರೆ ಕಾಯಿಲೆ ತಡೆಯಬಹುದು ಎಂಬ ಲೆಕ್ಕ ಮನುಷ್ಯರಲ್ಲಿ ನಡೆದ ಪ್ರಯೋಗಗಳಲ್ಲಿ ಕೈಗೂಡಲಿಲ್ಲ.

ಕೊನೆಗೆ ಕೋಶ ಸಾಯುವುದು ಹೇಗೆ?

ಅಪೊಪ್ಟೊಸಿಸ್ (ಕೋಶ ತನ್ನನ್ನು ತಾನೇ ಕ್ರಮವಾಗಿ ಮುಗಿಸಿಕೊಳ್ಳುವ ಸಾವು) ಎಂದು ಪಠ್ಯದಲ್ಲಿ ಓದಿದ್ದರೆ ಅದನ್ನೊಂದೇ ಹಿಡಿದು ಕೂರಬೇಡಿ. ಅಪೊಪ್ಟೊಸಿಸ್ ಗಂಟೆಗಳಲ್ಲಿ ಮುಗಿಯುವ ಕೆಲಸ, ಸಿಕ್ಕು ತುಂಬಿದ ನರಕೋಶ ವರ್ಷಗಟ್ಟಲೆ ಬದುಕುತ್ತದೆ. 2023ರಲ್ಲಿ ಮನುಷ್ಯರ ನರಕೋಶಗಳನ್ನು ಇಲಿಯ ಮೆದುಳಿಗೆ ಕಸಿ ಮಾಡಿ ನೋಡಿದಾಗ, ಸಿಕ್ಕುಗಟ್ಟಿ ಸತ್ತದ್ದು ಮನುಷ್ಯರ ಕೋಶ ಮಾತ್ರ. ಅವುಗಳಲ್ಲಿ ಮೆಗ್-3 ಎಂಬ ಆರ್‌ಎನ್‌ಎ ಏರಿತ್ತು, ಸಾವಿನ ದಾರಿ ನೆಕ್ರೊಪ್ಟೊಸಿಸ್, ಅಂದರೆ ಕೋಶ ಒಡೆದು ಸಾಯುವ ಬಗೆ, ಆಗಿತ್ತು. ಆ ದಾರಿಯನ್ನು ತಡೆದಾಗ ಕೋಶಗಳು ಉಳಿದವು.

ಎಂಎಸ್ಸಿ ಪ್ರಾಜೆಕ್ಟಿಗೆ ಕೋಶಗಳ ಮೇಲೆ ಅಮಿಲಾಯ್ಡ್ ಹಾಕಿ ನೋಡಬೇಕು. ಪ್ರತಿ ಸಲವೂ ಬೇರೆ ಫಲಿತಾಂಶ ಬರುತ್ತಿದೆ. ಯಾಕೆ?

ಹತ್ತರಲ್ಲಿ ಒಂಬತ್ತು ಸಲ ತಪ್ಪು ಪೆಪ್ಟೈಡ್ (ಅಮಿಲಾಯ್ಡ್ ತುಣುಕು) ತಯಾರಿಯಲ್ಲಿರುತ್ತದೆ. ಸೀಸೆಯಿಂದ ತೆಗೆದ ಪುಡಿಯಲ್ಲಿ ಆಗಲೇ ಗಂಟುಗಳಿರುತ್ತವೆ. ನೀರಿಗೋ ಪಿಬಿಎಸ್ ಎಂಬ ಉಪ್ಪಿನ ದ್ರಾವಣಕ್ಕೋ ನೇರ ಹಾಕಿದರೆ ಆಲಿಗೊಮರ್, ಫೈಬ್ರಿಲ್ ಎಲ್ಲ ಕಲಸಿದ ಮಿಶ್ರಣವಾಗುತ್ತದೆ. ಮೊದಲು ಹಳೆಯ ಗಂಟನ್ನು ಬಿಡಿಸಬೇಕು.

ಬೀಟಾ-ಅಮಿಲಾಯ್ಡ್ 42ರ ಅಣುತೂಕ 4514. 1 ಮಿಲಿಗ್ರಾಂಗೆ ಸುಮಾರು 221 ಮೈಕ್ರೋಲೀಟರ್ ತಣ್ಣನೆಯ ಎಚ್‌ಎಫ್‌ಐಪಿ ದ್ರಾವಕ ಹಾಕಿದರೆ 1 ಮಿಲಿಮೋಲಾರ್ ಆಗುತ್ತದೆ. ಎಚ್‌ಎಫ್‌ಐಪಿ ಚರ್ಮವನ್ನೂ ಉಸಿರ್ನಾಳವನ್ನೂ ಸುಡುತ್ತದೆ, ಫ್ಯೂಮ್ ಹುಡ್ ಬಿಟ್ಟು ತೆರೆಯಬೇಡಿ. 10 ಮೈಕ್ರೋಲೀಟರಿನಂತೆ ಟ್ಯೂಬುಗಳಿಗೆ ಹಂಚಿ, ರಾತ್ರಿಯಿಡೀ ಹುಡ್‌ನಲ್ಲೇ ಆರಲು ಬಿಟ್ಟು, ತೆಳು ಪೊರೆಯನ್ನು ಮೈನಸ್ 20ರಲ್ಲೋ ಮೈನಸ್ 80ರಲ್ಲೋ ಇಡಿ. ಬೇಕಾದ ದಿನ ಒಂದು ಟ್ಯೂಬಿಗೆ 2 ಮೈಕ್ರೋಲೀಟರ್ ನೀರಿನಂಶವಿಲ್ಲದ ಡಿಎಂಎಸ್‌ಒ ದ್ರಾವಕ, ಆಮೇಲೆ 98 ಮೈಕ್ರೋಲೀಟರ್ ಫೀನಾಲ್ ರೆಡ್ ಇಲ್ಲದ ಎಫ್-12 ಮೀಡಿಯಂ ಹಾಕಿದರೆ 100 ಮೈಕ್ರೋಮೋಲಾರ್. ಇದನ್ನು 4 ಡಿಗ್ರಿಯಲ್ಲಿ 24 ಗಂಟೆ ಇಟ್ಟರೆ ಆಲಿಗೊಮರ್. ಫೈಬ್ರಿಲ್ ಬೇಕಿದ್ದರೆ ಎಫ್-12 ಬದಲು 10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ 37 ಡಿಗ್ರಿಯಲ್ಲಿ 24 ಗಂಟೆ. ಆಲಿಗೊಮರ್ ತಯಾರಿಯನ್ನು 14,000 ಜಿ ವೇಗದಲ್ಲಿ 4 ಡಿಗ್ರಿಯಲ್ಲಿ 10 ನಿಮಿಷ ತಿರುಗಿಸಿ ಮೇಲಿನ ತಿಳಿಯನ್ನಷ್ಟೇ ಬಳಸಿ.

ಕೋಶದ ಮೇಲೆ 10 ಮೈಕ್ರೋಮೋಲಾರ್ ಹಾಕಿದರೆ ಜೊತೆಗೆ ಶೇ. 0.2 ಡಿಎಂಎಸ್‌ಒ ಹೋಗಿರುತ್ತದೆ. ಅಮಿಲಾಯ್ಡ್ ಹಾಕದ ಕಂಟ್ರೋಲ್ ಗುಳಿಗೂ (ವೆಲ್) ಅಷ್ಟೇ ಡಿಎಂಎಸ್‌ಒ ಹಾಕದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಪೆಪ್ಟೈಡ್ ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ಲೋ-ಬೈಂಡ್ ಟ್ಯೂಬ್ ಬಳಸಿ. ಬದುಕಿರುವ ಕೋಶಗಳನ್ನು ಬಣ್ಣದ ಫಾರ್ಮಜಾನ್ ಹರಳಿನಿಂದ ಅಳೆಯುವ ಎಂಟಿಟಿ ಪರೀಕ್ಷೆಯೊಂದನ್ನೇ ನಂಬಬೇಡಿ. ಅಮಿಲಾಯ್ಡ್ ಆ ಹರಳುಗಳನ್ನು ಕೋಶದಿಂದ ಹೊರತಳ್ಳಿಸುತ್ತದೆ, ಕೋಶ ಬದುಕಿದ್ದರೂ ಸತ್ತಂತೆ ಅಂಕಿ ಬರುತ್ತದೆ. ಒಡೆದ ಕೋಶದಿಂದ ಸೋರುವ ಕಿಣ್ವವನ್ನು ಅಳೆಯುವ ಎಲ್‌ಡಿಎಚ್ ಪರೀಕ್ಷೆಯನ್ನೂ ಜೊತೆಗೆ ಮಾಡಿ. ಎಸ್‌ಎಚ್-ಎಸ್‌ವೈ5ವೈ ಕೋಶಗಳು ಗಡ್ಡೆಯಿಂದ ಬಂದವು. 10 ಮೈಕ್ರೋಮೋಲಾರ್ ರೆಟಿನಾಯಿಕ್ ಆಮ್ಲದಲ್ಲಿ ಐದಾರು ದಿನ ಬೆಳೆಸದೆ ಅವನ್ನು ನರಕೋಶ ಎಂದು ಬರೆಯಬೇಡಿ. ಪ್ರಬಂಧದಲ್ಲಿ ಇನ್ನೊಂದು ಮಾತೂ ಇರಲಿ: ಮೆದುಳಿನ ದ್ರವದಲ್ಲಿ ಅಮಿಲಾಯ್ಡ್ ಇರುವುದು ನ್ಯಾನೊಮೋಲಾರ್ ಮಟ್ಟದಲ್ಲಿ ಅಥವಾ ಅದಕ್ಕೂ ಕಡಿಮೆ, ನೀವು ಹಾಕುತ್ತಿರುವುದು ಅದಕ್ಕಿಂತ ಸಾವಿರಾರು ಪಟ್ಟು.

ನಮ್ಮ ತಾತನಿಗಿತ್ತು, ಅಪ್ಪನಿಗಿದೆ. ನಮಗೂ ಬರುತ್ತದೆಯೇ?

ಬಂದೇ ಬರುತ್ತದೆ ಎನ್ನುವ ವಂಶವಾಹಿ ದೋಷಗಳು ಎಪಿಪಿ, ಪ್ರಿಸಿನಿಲಿನ್-1, ಪ್ರಿಸಿನಿಲಿನ್-2 ಜೀನ್‌ಗಳಲ್ಲಿವೆ. ಒಟ್ಟು ರೋಗಿಗಳಲ್ಲಿ ಅಂಥವರು ನೂರಕ್ಕೆ ಒಬ್ಬರೂ ಇಲ್ಲ, ಅವರಿಗೆ ಹೆಚ್ಚಾಗಿ 65ರ ಒಳಗೇ ಶುರುವಾಗುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ವರ್ಣತಂತು ಮೂರಿರುವುದರಿಂದ ಎಪಿಪಿಯೂ ಹೆಚ್ಚು. ನಲವತ್ತರ ಹೊತ್ತಿಗೆ ಬಹುಪಾಲು ಎಲ್ಲರ ಮೆದುಳಲ್ಲೂ ಪ್ಲಾಕ್ ಇರುತ್ತದೆ.

ಉಳಿದವರಲ್ಲಿ ಮುಖ್ಯವಾದದ್ದು ಅಪೋ-ಇ4 ಎಂಬ ಜೀನ್ ರೂಪ. ಯುರೋಪ್ ಮೂಲದವರ ಲೆಕ್ಕದಲ್ಲಿ ಒಂದು ಪ್ರತಿ ಇದ್ದರೆ ಅಪಾಯ ಸುಮಾರು ಮೂರು ಪಟ್ಟು, ಎರಡಿದ್ದರೆ ಎಂಟರಿಂದ ಹನ್ನೆರಡು ಪಟ್ಟು. ಅಪಾಯ ಹೆಚ್ಚು ಎಂದಷ್ಟೇ ಅರ್ಥ, ತೀರ್ಪಲ್ಲ. ತಾತನಿಗೆ ಎಂಬತ್ತರಲ್ಲಿ ಬಂದಿದ್ದರೆ ಜೀನ್ ಪರೀಕ್ಷೆಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಡುಗೆ ಮಾಡಿದ್ದಕ್ಕೇ ಬಂತು ಅಂತಾರೆ?

1965ರಲ್ಲಿ ಮೊಲಗಳ ಮೆದುಳಿಗೆ ಅಲ್ಯೂಮಿನಿಯಂ ಲವಣ ಚುಚ್ಚಿದಾಗ ಸಿಕ್ಕುಗಳು ಕಂಡವು, ಸುದ್ದಿ ಅಲ್ಲಿಂದ ಹಬ್ಬಿತು. ಆ ಸಿಕ್ಕುಗಳ ರಚನೆ ಆಲ್ಝೈಮರ್‌ನ ಟೌ ಸಿಕ್ಕಿನದಲ್ಲ. ಹುಣಸೆಹುಳಿ ಹಾಕಿದ ಬಸ್ಸಾರು ಕುದಿಸಿದರೆ ಪಾತ್ರೆಯ ಲೋಹ ಸ್ವಲ್ಪ ಬಿಡುವುದು ನಿಜ, ಆ ಕಾರಣಕ್ಕೆ ಸ್ಟೀಲ್ ಪಾತ್ರೆ ಒಳ್ಳೆಯದೇ. ಈ ಕಾಯಿಲೆಯ ಕಾರಣಕ್ಕಲ್ಲ.

ಅರಿಶಿನ, ಬ್ರಾಹ್ಮಿ, ಕೊಬ್ಬರಿ ಎಣ್ಣೆ?

ತಟ್ಟೆಯಲ್ಲಿನ ಕೋಶಕ್ಕೆ ಅರಿಶಿನದಲ್ಲಿರುವ ಕರ್ಕ್ಯುಮಿನ್ ಬಹಳ ಒಳ್ಳೆಯದು ಮಾಡುತ್ತದೆ. ಬಾಯಿಂದ ತೆಗೆದುಕೊಂಡಾಗ ರಕ್ತಕ್ಕೇ ಸರಿಯಾಗಿ ಸೇರುವುದಿಲ್ಲ. ದಿನಕ್ಕೆ 2 ಅಥವಾ 4 ಗ್ರಾಂ ಕರ್ಕ್ಯುಮಿನ್ ಅನ್ನು 24 ವಾರ ಕೊಟ್ಟು ನೋಡಿದ ಪ್ರಯೋಗದಲ್ಲಿ ರೋಗಿಗಳಿಗೆ ಲಾಭ ಕಾಣಲಿಲ್ಲ. ಉಳಿದೆರಡೂ ಈ ಕಾಯಿಲೆಯನ್ನು ನಿಲ್ಲಿಸುತ್ತವೆ ಎನ್ನಲು ಆಧಾರವಿಲ್ಲ. ಅಡುಗೆಗೆ ಬಳಸಿ, ಔಷಧಿ ಎಂದು ಮಾರುವವರಿಗೆ ದುಡ್ಡು ಕೊಡಬೇಡಿ.

ಡೊನೆಪೆಜಿಲ್ ಮಾತ್ರೆ ಕೊಡುತ್ತಿದ್ದೇವೆ, ಮರೆವು ನಿಲ್ಲುತ್ತಿಲ್ಲ.

ಅದು ಕೋಶ ಸಾಯುವುದನ್ನು ತಡೆಯುವ ಮಾತ್ರೆಯಲ್ಲ. ಉಳಿದಿರುವ ಸಿನಾಪ್ಸ್‌ಗಳಲ್ಲಿ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಗ ಒಡೆಯದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಸಿನಾಪ್ಸ್ ಕಡಿಮೆಯಾದಂತೆ ಅದಕ್ಕೆ ಕೆಲಸ ಮಾಡಲು ಜಾಗವೂ ಕಡಿಮೆ. ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಶುರುಮಾಡಿ ನಾಲ್ಕರಿಂದ ಆರು ವಾರದ ನಂತರ 10ಕ್ಕೆ ಏರಿಸುತ್ತಾರೆ. ಭೇದಿ, ಕೆಟ್ಟ ಕನಸು, ನಾಡಿ ನಿಧಾನವಾಗುವುದು ಇದರ ಅಡ್ಡಪರಿಣಾಮಗಳು. ಕನಸಿನ ಕಾಟವಿದ್ದರೆ ರಾತ್ರಿಯ ಬದಲು ಬೆಳಿಗ್ಗೆ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ. ತಲೆಸುತ್ತಿ ಬಿದ್ದರೆ ನಾಡಿ ಎಣಿಸಿಸಿ. ಮೆಮಾಂಟಿನ್ ಮೇಲೆ ಹೇಳಿದ ಎನ್‌ಎಂಡಿಎ ಸೋರಿಕೆಯನ್ನು ತಗ್ಗಿಸುವ ಮಾತ್ರೆ.

ಬಹಳ ಮನೆಗಳಲ್ಲಿ ನಡೆಯುವ ಒಂದು ಎಡವಟ್ಟು: ಒಂದು ಕಡೆ ಡೊನೆಪೆಜಿಲ್, ಇನ್ನೊಂದು ಕಡೆ ನೆಗಡಿಗೆಂದು ಮೆಡಿಕಲ್ ಸ್ಟೋರಿನಿಂದ ತಂದ ಕ್ಲೋರ್‌ಫೆನಿರಮಿನ್ ಮಾತ್ರೆ, ಇಲ್ಲವೇ ಮೂತ್ರ ಹಿಡಿತಕ್ಕೆಂದು ಆಕ್ಸಿಬ್ಯುಟಿನಿನ್. ಇವು ಅಸಿಟೈಲ್‌ಕೋಲಿನ್‌ಗೆ ಅಡ್ಡಬರುತ್ತವೆ, ಗೊಂದಲ ಒಂದೇ ದಿನದಲ್ಲಿ ಹೆಚ್ಚಬಹುದು. ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ಡಾಕ್ಟರಿಗೆ ತೋರಿಸಿ.

ಹೊಸ ಇಂಜೆಕ್ಷನ್ ಅಮಿಲಾಯ್ಡನ್ನೇ ತೆಗೆಯುತ್ತದಂತೆ?

ತೆಗೆಯುತ್ತದೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮಾಬ್ ಅನ್ನು ಕೆ.ಜಿ.ಗೆ 10 ಮಿಲಿಗ್ರಾಂನಂತೆ ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಡುತ್ತಾರೆ. 18 ತಿಂಗಳ ಪ್ರಯೋಗದಲ್ಲಿ ರೋಗಿಯ ಸ್ಥಿತಿ ಇಳಿಯುವ ವೇಗ ಶೇ. 27 ತಗ್ಗಿತು, 18 ಅಂಕದ ಮಾಪಕದಲ್ಲಿ ವ್ಯತ್ಯಾಸ 0.45. ಮೆದುಳು ಬಾತುಕೊಳ್ಳುವ, ಸಣ್ಣ ರಕ್ತಸ್ರಾವವಾಗುವ ಅಪಾಯವಿದೆ, ಎರಡು ಅಪೋ-ಇ4 ಇರುವವರಿಗೆ ಹೆಚ್ಚು. ಅದಕ್ಕೇ ನಡುನಡುವೆ ಎಂಆರ್‌ಐ ಬೇಕು. ಆರಂಭದ ಹಂತದವರಿಗೆ ಮಾತ್ರ ಕೊಡುವುದಕ್ಕೆ ಕಾರಣ ಮೇಲೆಯೇ ಇದೆ: ಟೌ ಹರಡಿ ಸಿನಾಪ್ಸ್ ಹೋದ ಮೇಲೆ ಅಮಿಲಾಯ್ಡ್ ತೆಗೆದರೂ ಕಡಿದ ಸಂಪರ್ಕ ಮರಳುವುದಿಲ್ಲ.

ಮೈಸೂರು, ಮಂಡ್ಯದಲ್ಲಿ ಮೊದಲು ಯಾವ ಪರೀಕ್ಷೆ ಮಾಡಿಸಬೇಕು?

ರಕ್ತದಲ್ಲಿ ಪಿ-ಟೌ 217 (ಫಾಸ್ಫೇಟ್ ಅಂಟಿದ ಒಂದು ಬಗೆಯ ಟೌ) ಅಳೆಯುವ ಪರೀಕ್ಷೆಯ ಹೆಸರು ಈಗ ಎಲ್ಲರ ಬಾಯಲ್ಲಿದೆ. ಒಳ್ಳೆಯ ಪರೀಕ್ಷೆಯೇ, ಆದರೆ ಅದು ಮೊದಲನೆಯದಲ್ಲ. ಲಕ್ಷಣವಿಲ್ಲದವರು ಮಾಡಿಸಬಾರದು, ಕಿಡ್ನಿ ತೊಂದರೆಯಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ.

ಮೊದಲು ಆಗಬೇಕಾದದ್ದು ವಿಟಮಿನ್ ಬಿ12, ಥೈರಾಯ್ಡ್, ಸಕ್ಕರೆ, ಸೋಡಿಯಂ, ಕಿಡ್ನಿ, ರಕ್ತದ ಎಣಿಕೆ. ಮಾಂಸ ಮುಟ್ಟದ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ, ಸರಿಪಡಿಸಬಹುದಾದ ಮರೆವು ಅದು. ಬಚ್ಚಲಲ್ಲಿ ಜಾರಿ ಬಿದ್ದು ಕೆಲವು ವಾರಗಳಲ್ಲಿ ಮಂಕಾದವರಿಗೆ ತಲೆಯೊಳಗೆ ರಕ್ತ ಕಟ್ಟಿರಬಹುದು, ಸ್ಕ್ಯಾನ್ ತಡಮಾಡಬೇಡಿ. ಇವಕ್ಕೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಸಾಕು. ಗುಟ್ಟು ಬಿಡದ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್. ಕಿವಿ ಮಂದವಿದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿ. 2024ರ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದ, ನಾವು ಬದಲಿಸಬಹುದಾದ 14 ಅಪಾಯಗಳಲ್ಲಿ ಕಿವುಡೂ ಒಂದು, ಬಿಪಿ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್ ಜೊತೆಗೆ. ಸರಿಯಾಗಿ ಕೇಳಿಸದವರು ಮರೆವಿನ ಪರೀಕ್ಷೆಯಲ್ಲೂ ಕಡಿಮೆ ಅಂಕ ತೆಗೆಯುತ್ತಾರೆ, ಹಾಗಾಗಿ ಕಿವಿ ಮೊದಲು. ನೋಡಿಕೊಳ್ಳುವವರಿಗೇ ಸಾಕುಸಾಕಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.